ಕೋವಿಗೆ ತಂದ ಸೀರೆ

ಹೋದ ತಿಂಗಳು ನನ್ನ ತಂಗಿಯ ಮಗಳು ಸುಧಾ ನಾಲ್ಕು ದಿನ ಇರಲೆಂದು ಬಂದಿದ್ದಳು. ಸುಮ್ಮನೆ ಕೂರುವ ಹೆಣ್ಣಲ್ಲ ಅವಳು. ಕಪಾಟು ಒರೆಸಿದಳು, ಫ್ಯಾನು ಒರೆಸಿದಳು, ಕೊನೆಗೆ ಒರೆಸಲು ಏನೂ ಸಿಗದೆ ನನ್ನ ಮಂಚದ ಕೆಳಗಿನ ಟ್ರಂಕನ್ನು ಎಳೆದಳು. ಹಳೆಯ ಟಿ.ಎ. ಬಿಲ್ಲುಗಳು, ನಿವೃತ್ತಿಯ ದಿನ ಹೊದಿಸಿದ ಶಾಲು, ಅವುಗಳ ಅಡಿಯಲ್ಲಿ ಮಡಿಸಿಟ್ಟ ಒಂದು ರೇಷ್ಮೆ ಸೀರೆ. ಗಿಳಿಹಸಿರಿನ ಒಡಲು, ಅರಿಶಿನದ ಬಣ್ಣದ ಅಂಚು, ಉದ್ದಕ್ಕೂ ಕಪ್ಪು ಎಣ್ಣೆಯ ಕಲೆ. ಅವಳು ಅದನ್ನು ಬಿಡಿಸಿ ಮೂಗಿನ ಹತ್ತಿರ ತಂದು ಮುಖ ಸಿಂಡರಿಸಿದಳು. ಕೋಣೆಯ ಆಚೆ ತುದಿಯಲ್ಲಿದ್ದ ನನಗೂ ವಾಸನೆ ಬಂತು. ಹರಳೆಣ್ಣೆ, ಜೇನುಮೇಣ, ಸುಟ್ಟ ಮದ್ದು. ಇಷ್ಟು ವರ್ಷವಾದರೂ ಹೋಗಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು.

“ಯಾರಿಗೆ ತಂದ ಸೀರೆ ಮಾವ ಇದು?” ಎಂದಳು.

“ಕೋವಿಗೆ ತಂದದ್ದು,” ಎಂದೆ.

ಅವಳು ನಕ್ಕಳು. ಮುದುಕ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು. ಗಾಳಿಯಾಡಲಿ ಎಂದು ಸೀರೆಯನ್ನು ಹಿತ್ತಲ ಹಗ್ಗದ ಮೇಲೆ ಹರವಿ ಅಡಿಗೆಮನೆಗೆ ಹೋದಳು. ನಾನು ಕುರ್ಚಿಯನ್ನು ಹಿತ್ತಲ ಬಾಗಿಲಿಗೆ ಎಳೆದುಕೊಂಡು ಕೂತೆ.

ಅರವತ್ತಾರನೆಯ ಇಸವಿಯ ಮಳೆಗಾಲದಲ್ಲಿ ನನ್ನನ್ನು ಕೊಳ್ಳೇಗಾಲಕ್ಕೆ ಹಾಕಿದ್ದರು. ರೇಷ್ಮೆ ಇಲಾಖೆಯಲ್ಲಿ ನನ್ನದು ಊರೂರು ಸುತ್ತುವ ಕೆಲಸ. ಹಿಪ್ಪುನೇರಳೆಗೆ ರೋಗ ಬಿತ್ತೇ, ಹುಳು ಗೂಡು ಕಟ್ಟುವಷ್ಟು ಸರಿಯಾಗಿ ಹಣ್ಣಾಯಿತೇ ಎಂದು ನೋಡುವುದು, ಯಾರೂ ಕೇಳದ ಬುದ್ಧಿಮಾತು ಹೇಳುವುದು, ಬಸ್ಸು ಕಾಯುವುದು. ಇವುಗಳಲ್ಲಿ ಮೂರನೆಯದಕ್ಕೇ ಹೆಚ್ಚು ಹೊತ್ತು ಹೋಗುತ್ತಿತ್ತು. ಹಳ್ಳಿಗಳಲ್ಲಿ ನನಗೆ ‘ರೇಶ್ಮೆ ಸಾ’ ಎಂದು ಹೆಸರು. ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷವಾಗಿದ್ದರೂ ಹಳಬರು ಇನ್ನೂ ಕೊಯಮತ್ತೂರು ಕಲೆಕ್ಟರನ ಕಾಲದಲ್ಲೇ ಇದ್ದರು. ನಾನು ಮೈಸೂರಿನಿಂದ ಬಂದವನೆಂದರೆ ಪರದೇಶದಿಂದ ಬಂದವನನ್ನು ನೋಡುವ ಹಾಗೆ ನೋಡುತ್ತಿದ್ದರು.

ನನಗಾಗ ಮೂವತ್ತಾರು. ಹೆಂಡತಿ ಕಮಲ ಮದುವೆಯಾದ ಎರಡನೆಯ ವರ್ಷವೇ ಜ್ವರದಲ್ಲಿ ಹೋಗಿ ಆಗಲೇ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೈಸೂರಿನಲ್ಲಿ ಅಮ್ಮ, ಮದುವೆಗೆ ಬಂದ ತಂಗಿ. ಕೊಳ್ಳೇಗಾಲದಲ್ಲಿ ನೇಕಾರರೊಬ್ಬರ ಮನೆಯ ಮಹಡಿಯ ಮೇಲೆ ಕೋಣೆ ಹಿಡಿದೆ. ಹಗಲೆಲ್ಲ ಕೆಳಗೆ ಮಗ್ಗದ ಸದ್ದು ಇರುತ್ತಿತ್ತು. ಸಂಜೆ ಮಗ್ಗ ನಿಂತ ಕೂಡಲೇ ಕೋಣೆಯಲ್ಲಿ ನಾನೊಬ್ಬನೇ ಇದ್ದೇನೆ ಎಂಬುದು ಗೊತ್ತಾಗುತ್ತಿತ್ತು. ಅದಕ್ಕೆಂದೇ ಹೋಟೆಲಿನಲ್ಲಿ ನಿಧಾನವಾಗಿ ಊಟ ಮಾಡುತ್ತಿದ್ದೆ. ಮೇಜು ಒರೆಸುವವನು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ ಮೇಲೆ ಏಳುತ್ತಿದ್ದೆ.

ನನ್ನ ಜೇಬಿನಲ್ಲಿ ಆಗ ಯಾವಾಗಲೂ ಒಂದು ಖಾಲಿ ತೋಟಾ ಇರುತ್ತಿತ್ತು. ಹೆಬ್ಬೆರಳಿಗಿಂತ ಉದ್ದ, ಹಿತ್ತಾಳೆಯದು, ತುದಿಯಲ್ಲಿ ಕತ್ತು ಹಿಸುಕಿದ ಹಾಗೆ ಸಣ್ಣಗಾದದ್ದು. ಅಪ್ಪ ಮೈಸೂರಿನ ಗಲ್ಲಿಯೊಂದರಲ್ಲಿ ಕೋವಿ ರಿಪೇರಿ ಮಾಡುತ್ತಿದ್ದವರು. ಅವರ ಕಾಲವಾದ ಮೇಲೆ ಅವರ ಉಪಕರಣದ ಪೆಟ್ಟಿಗೆ ಮತ್ತು ಒಂಟಿ ನಳಿಗೆಯ ಸಾದಾ ಕೋವಿಯೊಂದು ಲೈಸೆನ್ಸಿನ ಸಮೇತ ನನ್ನ ಪಾಲಿಗೆ ಬಂದವು. ತೋಟಾ ಆ ಪೆಟ್ಟಿಗೆಯಲ್ಲಿತ್ತು. ಅಂಗಡಿಯಲ್ಲಿ ಸಿಗುವ ಯಾವ ಬಂದೂಕಿಗೂ ಅದು ಕೂರುತ್ತಿರಲಿಲ್ಲ. ಅಪ್ಪ ಬದುಕಿದ್ದಾಗ ಅದರ ಕಥೆ ಎಷ್ಟು ಸಲ ಹೇಳಿದ್ದರೋ. ಯಾರೋ ಸ್ಪ್ರಿಂಗು ಹಾಕಿಸಲು ಕಳಿಸಿದ್ದ ಒಂದು ಹಳೆಯ ರೈಫಲು ವಾರವಿಡೀ ಅವರ ಕೈಯಲ್ಲಿ ಇತ್ತಂತೆ. ಎಂಟು ಮೂಲೆಯ ನಳಿಗೆ. ಬೆರಳಿನಿಂದ ಎಳೆಯುವ ಕುದುರೆಯ ಕೆಳಗೆ ಒಂದು ಹಿಡಿ. ಅದನ್ನು ಕೆಳಗೆ ತಳ್ಳಿದರೆ ಒಳಗಿನ ಉಕ್ಕಿನ ದಿಮ್ಮಿ ಇಳಿದು ನಳಿಗೆಯ ಹಿಂಬಾಗಿಲು ತೆರೆಯುತ್ತದೆ. ಒಂದು ತೋಟಾ ಇಡಬೇಕು, ಹಿಡಿ ಎಳೆಯಬೇಕು, ಹೊಡೆಯಬೇಕು. ಮತ್ತೆ ಬೇಕಾದರೆ ಮತ್ತೆ ಮೊದಲಿನಿಂದ. ಅಂಥ ಕೆಲಸ ಇನ್ನೊಂದನ್ನು ನೋಡಲಿಲ್ಲ ಕಣೋ ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಬಲಗೈ ತಾನಾಗಿ ಆ ಹಿಡಿಯನ್ನು ತಳ್ಳುತ್ತಿತ್ತು.

ಅಪ್ಪ ಹೋದ ಮೇಲೆ ನಾನು ಆ ರೈಫಲನ್ನು ಹುಡುಕಲು ಶುರುಮಾಡಿದೆ. ಏಕೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ನಾನು ಬೇಟೆಯವನಲ್ಲ, ಅಪ್ಪನ ಕೋವಿಯಲ್ಲಿ ಒಂದು ಕಾಗೆಯನ್ನೂ ಹೊಡೆದವನಲ್ಲ. ಆದರೆ ವರ್ಗವಾದಲ್ಲೆಲ್ಲ ಕೇಳುತ್ತ ಹೋದೆ. ಕೇಳುತ್ತ ಹೋಗಲು ಏನಾದರೊಂದು ಬೇಕಾಗಿತ್ತು ಎನಿಸುತ್ತದೆ. ಕೊಳ್ಳೇಗಾಲಕ್ಕೆ ಬಂದ ಮೊದಲ ಎರಡು ತಿಂಗಳಲ್ಲಿ ಮಧುವನಹಳ್ಳಿಯ ಜಮೀನ್ದಾರರೊಬ್ಬರು ತಮ್ಮಲ್ಲಿ ಅಂಥದ್ದೇ ಇದೆಯೆಂದು ಕರೆದು, ವಿಭೂತಿ ಬಳಿದ ಕೇಪಿನ ಕೋವಿಯೊಂದನ್ನು ದೇವರಮನೆಯಿಂದ ತಂದು ತೋರಿಸಿದರು. ತಾವು ಶಿವಭಕ್ತರು, ಇದು ಪೂಜೆಗೆ ಮಾತ್ರ, ಹೊಡೆದದ್ದೇ ಇಲ್ಲ ಎಂದರು. ಪ್ರತಿ ವರ್ಷ ಆಯುಧಪೂಜೆಯಲ್ಲಿ ಎಳನೀರು ಎರೆದು ಎರೆದು ನಳಿಗೆಯ ಒಳಗೆ ತುಕ್ಕು ಕಟ್ಟಿ ಇರುವೆ ಗೂಡು ಮಾಡಿದ್ದವು. ಧನಗೆರೆಯಲ್ಲಿ ಅಟ್ಟದಿಂದ ಬಹಳ ಕಷ್ಟಪಟ್ಟು ಇಳಿಸಿದ ಉದ್ದನೆಯ ಗಂಟು ಬಿಚ್ಚಿದರೆ ಸರ್ವೆಯವರು ಎಂದೋ ಬಿಟ್ಟುಹೋದ ಮೂರು ಕಾಲಿನ ಪೀಠ. ನಾನು ಅದನ್ನೂ ಮೆಚ್ಚಿ, ಕಾಫಿ ಕುಡಿದು ಬಂದೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಕಾಮಗೆರೆಯಲ್ಲಿ ಮಳೆಗೆ ಸಿಕ್ಕಿಕೊಂಡೆ. ಆಸ್ಪತ್ರೆಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಮಾಡಲು ಕೆಲಸವಿಲ್ಲದೆ ತೋಟಾವನ್ನು ಮರದ ಮೇಲೆ ಕುಟ್ಟುತ್ತಿದ್ದೆ. ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕರೊಬ್ಬರು ಕೂತಿದ್ದರು. ಅವರ ಆಚೆ ಬದಿಗೆ ಒಬ್ಬ ಹೆಂಗಸು, ಮೂವತ್ತು ದಾಟಿರಬಹುದು, ಬರಿಗೈ, ಬರಿಹಣೆ. ಮುದುಕರ ಕಣ್ಣಿನಲ್ಲಿ ಪೊರೆ ಬೆಳ್ಳಗೆ ಕಾಣುತ್ತಿತ್ತು. ಅವರು ನನ್ನ ಕಡೆ ತಿರುಗದೆಯೇ ಕೈ ಚಾಚಿದರು. ಕೊಟ್ಟೆ. ಬುಡದ ಅಂಚನ್ನು, ಕತ್ತನ್ನು, ಬಾಯನ್ನು ಬೆರಳಿನಿಂದ ಸವರಿ ನೋಡಿದರು.

“ಚಿಕ್ಕತಾಯಿ, ನೋಡವ್ವ,” ಎಂದು ಹೆಂಗಸಿನ ಕೈಗೆ ದಾಟಿಸಿದರು. “ಇದು ನಮ್ ಕೋವಿದಲ್ವಾ?”

ಅವಳು ಅದನ್ನು ತಿರುಗಿಸಿ ನೋಡಿ, ನಂತರ ನನ್ನನ್ನು ನೋಡಿದಳು. ಕಳ್ಳನನ್ನು ನೋಡುವ ನೋಟ ಅದು. “ಊಂ ಮಾವ, ನಮ್ದೇಯ,” ಎಂದಳು.

ಹೀಗೆ ನನಗೆ ಮುದ್ದೇಗೌಡರೂ ಅವರ ಸೊಸೆ ಚಿಕ್ಕತಾಯಮ್ಮನೂ ಪರಿಚಯವಾದರು. ಹನೂರಿನಿಂದ ಮೂರು ಮೈಲಿ ಒಳಗೆ, ಕಾಡಿನ ಅಂಚಿನಲ್ಲಿ ಅವರ ದೊಡ್ಡಿ, ಹದಿನೈದು ಮನೆಯ ಊರು. ಹೆಸರು ಬರೆಯುವುದಿಲ್ಲ, ಅವರ ಕಡೆಯವರು ಈಗಲೂ ಅಲ್ಲಿದ್ದಾರೆ. ಗೌಡರ ಹಿರಿಯ ಮಗ, ಈಕೆಯ ಗಂಡ, ಹಾವು ಕಚ್ಚಿ ಸತ್ತು ಐದು ವರ್ಷವಾಗಿತ್ತು. ಕಿರಿಯ ಮಗ, ಅವನ ಹೆಂಡತಿ, ಮೂರು ಮಕ್ಕಳು ಮನೆಯಲ್ಲಿದ್ದರು. ಗೌಡರು ಹರೆಯದಲ್ಲಿ ಯಳಂದೂರಿನ ಮೇಲಿನ ಬೆಟ್ಟದಲ್ಲಿ ಕಾಫಿ ತೋಟದ ದೊರೆಯೊಬ್ಬನಿಗೆ ಕಾಡು ತೋರಿಸುತ್ತಿದ್ದವರು. ಅವನು ವಿಲಾಯಿತಿಗೆ ವಾಪಸು ಹೊರಟಾಗ ರೈಫಲನ್ನು ಇವರ ಹೆಸರಿಗೆ ಮಾಡಿಸಿ ಕೊಟ್ಟುಹೋದನಂತೆ. ಗೌಡರ ಕಣ್ಣು ಮಂಜಾದ ಮೇಲೆ ಬೆಳೆ ಕಾಯಲೆಂದು ಲೈಸೆನ್ಸಿನಲ್ಲಿ ಅವರ ಹೆಸರಿನ ಕೆಳಗೆ ಸೊಸೆಯ ಹೆಸರು ಸೇರಿಸಿದ್ದರು. ಹಂದಿ ಬಂದರೆ ಹೊಡೆಯುತ್ತಿದ್ದವಳು ಚಿಕ್ಕತಾಯಮ್ಮ.

ಮುಂದಿನ ಭಾನುವಾರ ಹನೂರಿನ ಬಸ್ಸು ಹತ್ತಿದೆ. ಅಲ್ಲಿಂದ ಕೆಸರಿನಲ್ಲಿ ನಡೆದು ದೊಡ್ಡಿ ಮುಟ್ಟುವಾಗ ಪಂಚೆ ಮಂಡಿಯವರೆಗೆ ಕೆಂಪಾಗಿತ್ತು. ಚಿಕ್ಕತಾಯಮ್ಮ ಅಟ್ಟದಿಂದ ಕಂಬಳಿ ಸುತ್ತಿದ ಗಂಟೊಂದನ್ನು ಇಳಿಸಿ ಜಗಲಿಯ ಮೇಲೆ ಬಿಚ್ಚಿದಳು. ಮೂಲೆ ಎಂಟೇ ಇದ್ದವು, ಎಣಿಸಿದೆ. ನಳಿಗೆ ಪ್ಲಮ್ಮು ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮರದ ಹಿಂಬದಿ ಗೌಡರ ಕೆನ್ನೆ ತಾಗಿದ ಕಡೆ ನುಣುಪಾಗಿ ಸವೆದಿತ್ತು. ಹಿಡಿಯನ್ನು ಕೆಳಗೆ ತಳ್ಳಿದೆ. ಕಳಕ್ ಎಂದು ದಿಮ್ಮಿ ಇಳಿಯಿತು. ಜೇಬಿನ ತೋಟಾವನ್ನು ಬಾಯಿಗಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಒಂದು ಚೂರೂ ತಡೆಯದೆ ಒಳಗೆ ಹೋಗಿ ಕೂತಿತು. ಗೌಡರು ಒಂದು ಮರದ ಹಲಗೆ ತರಿಸಿದರು. ಅದರಲ್ಲಿ ತೋಟಾ ನಿಲ್ಲಿಸಲು ಇಪ್ಪತ್ತನಾಲ್ಕು ಕುಳಿ, ತೋಟಾ ಇಪ್ಪತ್ತಮೂರು. ದೊರೆ ಒಮ್ಮೆ ಮೈಸೂರಿಗೆ ರಿಪೇರಿಗೆ ಕಳಿಸಿದಾಗ ಒಂದು ತಪ್ಪಿಹೋಯಿತೆಂದು ಬೈಯುತ್ತಿದ್ದನಂತೆ. ಅಪ್ಪ ನೆನಪಿಗೆಂದು ಇಟ್ಟುಕೊಂಡರೋ, ಕೊಡಲು ಮರೆತರೋ, ನನಗೆ ಗೊತ್ತಿಲ್ಲ. ಇಪ್ಪತ್ತನಾಲ್ಕನೆಯ ಕುಳಿಯಲ್ಲಿ ಅದನ್ನು ನಿಲ್ಲಿಸಿದಾಗ ನನಗೆ ಅಳು ಬಂತು. ಅಪರಿಚಿತರ ಜಗಲಿಯ ಮೇಲೆ ಕೂತು ಅತ್ತೆ. ಚಿಕ್ಕತಾಯಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟಳು.

ರೈಫಲನ್ನು ಕೊಡಲು ಗೌಡರಿಗೂ ಮನಸ್ಸಿತ್ತು. ಅದಕ್ಕೆ ತಕ್ಕ ತೋಟಾ ಯಾವ ಅಂಗಡಿಯಲ್ಲೂ ಸಿಗದು. ಒಂದೊಂದನ್ನೂ ಮನೆಯಲ್ಲೇ ಸೀಸ ಎರಕ ಹೊಯ್ದು, ಮದ್ದು ತುಂಬಿ ಮಾಡಿಕೊಳ್ಳಬೇಕು. ಹೊಲ ಕಾಯುವವರಿಗೆ ಅಷ್ಟು ಪುರಸೊತ್ತು ಎಲ್ಲಿ? ನನ್ನಲ್ಲಿದ್ದ ಅಪ್ಪನ ಕೋವಿಗಾದರೆ ತೋಟಾ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಕೋವಿಗೆ ಕೋವಿ ಎಂದು ಮಾತಾಯಿತು. ಆದರೆ ಎರಡೂ ಲೈಸೆನ್ಸು ಬದಲಾಗಬೇಕು. ಅರ್ಜಿ ಹಾಕಿದೆವು. ಆರ್ಡರು ಬರುವವರೆಗೆ ರೈಫಲು ಆ ಮನೆ ಬಿಟ್ಟು ಕದಲುವಂತಿರಲಿಲ್ಲ.

ಹಾಗಾಗಿ ನಾನೇ ಕದಲಿದೆ. ಅಕ್ಟೋಬರಿನಿಂದ ಜನವರಿಯವರೆಗೆ ಎಲ್ಲ ಭಾನುವಾರ ಮೊದಲ ಬಸ್ಸು ನನ್ನದು. ಮಧ್ಯಾಹ್ನದವರೆಗೆ ಜಗಲಿಯ ಮೇಲೆ ತೋಟಾ ತಯಾರಿ. ಸುಟ್ಟ ಕೇಪನ್ನು ಮೊಳೆಯಿಂದ ಎಬ್ಬಿಸಿ, ಹಿತ್ತಾಳೆಯನ್ನು ಹುಣಿಸೆನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು, ಹೊಸ ಕೇಪು ಕೂರಿಸುವುದು ನನ್ನ ಕೆಲಸ. ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು ಅವಳದು. ಅಚ್ಚು ಸರಿಯಾಗಿ ಕಾದಿದೆಯೇ ಎಂದು ಅವಳು ಒಂದು ಹನಿ ನೀರು ಚಿಮುಕಿಸಿ ಅದರ ಸದ್ದಿನಲ್ಲಿ ತಿಳಿಯುತ್ತಿದ್ದಳು. ಕಾಡಿನ ಸೋಲಿಗರು ತಂದುಕೊಟ್ಟ ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿ ಗುಂಡಿನ ಸುತ್ತ ತೀಡುತ್ತಿದ್ದಳು. ಮದ್ದು ಅಳೆಯಲು ಬಿದಿರಿನ ಒಂದು ಗೆಣ್ಣು ಇತ್ತು. ಗೌಡರು ಗೋಡೆಗೆ ಒರಗಿ ನಾವು ಮಾಡುವ ಸದ್ದನ್ನು ಕೇಳುತ್ತ, ತಪ್ಪಿದಲ್ಲಿ ಬೈಯುತ್ತ ಕೂತಿರುತ್ತಿದ್ದರು.

ಸಂಜೆಗೆ ಮುಂಚೆ ಹೊಲದಾಚೆಯ ಬಂಡೆಯ ಹತ್ತಿರ ಹೋಗುತ್ತಿದ್ದೆವು. ಬಂಡೆಗೆ ಸುಣ್ಣದ ಬೊಟ್ಟು ಇಟ್ಟು ನೂರೈವತ್ತು ಹೆಜ್ಜೆ ಹಿಂದೆ ಬರುವುದು. ಲೈಸೆನ್ಸು ಅವರದು, ಹೊಡೆಯುವವನು ನಾನು. ಕಾನೂನಿಗೆ ಇದು ಒಪ್ಪದು, ಈಗ ಹೇಳಿದರೆ ಯಾರೂ ಹಿಡಿಯಲಾರರು. ಮೊದಲ ಸಲ ನಾನು ಬೊಟ್ಟನ್ನು ನೋಡಿದೆ, ಉಸಿರು ಹಿಡಿದೆ, ಕಣ್ಣು ಮುಚ್ಚಿದೆ, ಕುದುರೆ ಎಳೆದೆ. ಭುಜಕ್ಕೆ ಗುದ್ದಿದ ಹಾಗಾಯಿತು. ಬಿಳಿ ಹೊಗೆ ಎದುರಿಗೆ ತುಂಬಿಕೊಂಡು ಏನೂ ಕಾಣಲಿಲ್ಲ. ಸದ್ದು ಬೆಟ್ಟಕ್ಕೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ತಡವಾಗಿ ವಾಪಸು ಬಂತು. ಬಂಡೆಯ ಹತ್ತಿರ ನಡೆದುಹೋಗಿ ನೋಡಿ ಬಂದ ಚಿಕ್ಕತಾಯಮ್ಮ ನಗುವನ್ನು ಸೆರಗಿನಲ್ಲಿ ಅಡಗಿಸಿದ್ದಳು. ಬಂಡೆಗೇ ತಾಗಿಲ್ಲ ಎಂದಳು. ಅಷ್ಟು ದೊಡ್ಡ ಬಂಡೆಯನ್ನು ತಪ್ಪಿಸುವುದು ಸುಲಭವಲ್ಲ.

“ಕಣ್ ಮುಚ್ಬ್ಯಾಡಿ ಸಾ,” ಎಂದಳು. “ಇದ್ರಲ್ಲಿ ಒಂದೇ ಏಟು. ಇನ್ನೊಂದದ ಅಂದ್ಕಂಡೋನು ಗುರಿ ನೋಡಕಿಲ್ಲ. ಗಾಬ್ರಿ ಆಯ್ತದ, ಆಗ್ಲಿ. ಕಣ್ ಮಾತ್ರ ತಗ್ದಿರ್ಬೇಕು.”

ನವೆಂಬರು ಮುಗಿಯುವ ಹೊತ್ತಿಗೆ ಹತ್ತರಲ್ಲಿ ಏಳು ಬೊಟ್ಟಿಗೆ ಬೀಳುತ್ತಿದ್ದವು. ಆ ಸುಖವನ್ನು ಹೇಳಿ ತಿಳಿಸುವುದು ಕಷ್ಟ. ಹಿಡಿ ತಳ್ಳುವುದು, ಹಿತ್ತಾಳೆ ಜಾರುವುದು, ಕಳಕ್ ಎಂದು ಮುಚ್ಚುವುದು, ಆಮೇಲೆ ಲೋಕದಲ್ಲಿ ಆ ಬಿಳಿ ಬೊಟ್ಟು ಬಿಟ್ಟು ಬೇರೇನೂ ಇರದಿರುವುದು. ಹೊಗೆ ಚದುರಿದ ಮೇಲೆ ಬಂಡೆಯ ಹತ್ತಿರ ಅವಳು ಕೈ ಎತ್ತಿದರೆ ತಾಗಿದೆ ಎಂದರ್ಥ. ಕೈ ಎತ್ತುವ ಮೊದಲು ಒಂದು ಗಳಿಗೆ ಬೇಕೆಂದೇ ಸುಮ್ಮನೆ ನಿಲ್ಲುತ್ತಿದ್ದಳು. ಮುಗಿದ ಮೇಲೆ ಹಂಡೆಯ ಬಿಸಿನೀರನ್ನು ನಳಿಗೆಯಲ್ಲಿ ಹೊಯ್ದು, ಕಪ್ಪು ನೀರು ತಿಳಿಯಾಗುವವರೆಗೆ ತೊಳೆದು, ಒರೆಸಿ ಎಣ್ಣೆ ಹಚ್ಚುತ್ತಿದ್ದೆವು. ನಂತರ ಮುದ್ದೆ, ಅವರೆಕಾಳಿನ ಸಾರು. ಕೊನೆಯ ಬಸ್ಸು ಕಾಮಗೆರೆ ದಾಟುವಾಗ ನನ್ನ ಕೈಯನ್ನು ಮೂಗಿಗೆ ಹಿಡಿದುಕೊಂಡಿರುತ್ತಿದ್ದೆ.

ಡಿಸೆಂಬರಿನಲ್ಲಿ ಒಂದು ಭಾನುವಾರ ಜ್ವರ ಬಂದು ಹೋಗಲಾಗಲಿಲ್ಲ. ಮಂಗಳವಾರ ಹನೂರಿನ ಬಸ್ಸಿನ ಕಂಡಕ್ಟರು ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಒಂದು ಚೀಲ ಅವರೆಕಾಯಿ. ದೊಡ್ಡಿಯ ಹೆಂಗಸೊಬ್ಬಳು ಬೆಳಿಗ್ಗೆ ಮೂರು ಮೈಲಿ ನಡೆದು ಬಸ್ಸಿಗೆ ಅಡ್ಡ ನಿಂತಿದ್ದಳಂತೆ.

“ರೇಶ್ಮೆ ಸಾ ಬದುಕವ್ರಾ ನೋಡ್ಕಂಡ್ ಬಾ ಅಂದ್ರು ಸಾ. ವಾಪಸ್ ಓಯ್ತಾ ಏಳ್ಬೇಕಂತೆ,” ಎಂದ.

ಬದುಕಿದ್ದೇನೆಂದು ಹೇಳು ಎಂದೆ. ಅವನು ಇಳಿದುಹೋದ ಮೇಲೆ ಚೀಲವನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು ಮಲಗಿದೆ. ಕಮಲ ಹೋದ ಮೇಲೆ ಆರು ವರ್ಷದಲ್ಲಿ ನಾನು ಬದುಕಿದ್ದೇನೆಯೇ ಎಂದು ತಿಳಿಯಲು ಯಾರೂ ನಡೆದು ಬಂದಿರಲಿಲ್ಲ. ಆ ದಿನ ಕೆಳಗೆ ಮಗ್ಗ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ.

ಜನವರಿಯಲ್ಲಿ, ರಾಗಿ ಕಣದಿಂದ ಮನೆಗೆ ಬಂದ ವಾರವೇ, ಆರ್ಡರೂ ಬಂತು. ಹತ್ತು ವರ್ಷ ಹುಡುಕಿದ ವಸ್ತು ನನ್ನದಾಗಲಿತ್ತು. ಕಾಗದವನ್ನು ಎರಡು ಸಲ ಓದಿದೆ, ಸಂತೋಷ ಬರಲೆಂದು ಕಾದೆ. ಬಂದದ್ದು ಇನ್ನೊಂದೇ ಯೋಚನೆ: ರೈಫಲು ಮನೆಗೆ ಬಂದ ಮೇಲೆ ಭಾನುವಾರ ಅಲ್ಲಿಗೆ ಹೋಗಲು ಕಾರಣವೇನು?

ಆಯುಧವನ್ನು ಬರಿಗೈಯಲ್ಲಿ ಈಸಿಕೊಳ್ಳಬಾರದೆಂದು ಅಪ್ಪ ಹೇಳುತ್ತಿದ್ದರು. ತಟ್ಟೆಯಲ್ಲಿ ಎಲೆಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟೇ ಪಡೆಯಬೇಕು. ಅದನ್ನೆಲ್ಲ ಕೊಂಡೆ. ಜತೆಗೆ, ರೈಫಲನ್ನು ಇಷ್ಟು ವರ್ಷ ಜೋಪಾನ ಮಾಡಿದವಳಿಗೆ ಏನಾದರೂ ಕೊಡದೆ ಹೇಗೆ ಎಂದುಕೊಂಡು ನಮ್ಮ ಕೆಳಗಿನ ಮನೆಯ ನೇಕಾರರಲ್ಲಿ ಒಂದು ಸೀರೆ ಕೇಳಿದೆ. ಅವರು ತೋರಿಸಿದ ಮೊದಲನೆಯದನ್ನೇ ಕೊಂಡು ಹೊರಡಬಹುದಿತ್ತು. ಒಂದು ಗಂಟೆ ಕೂತೆ. ಬೂದುಬಣ್ಣದ್ದನ್ನು ಬೇಡವೆಂದೆ, ಕಂದುಬಣ್ಣದ್ದನ್ನು ಬೇಡವೆಂದೆ, ಕೊನೆಗೆ ಗಿಳಿಹಸಿರಿನದನ್ನು ಬೆಳಕಿಗೆ ಹಿಡಿಸಿ ನೋಡಿದೆ. ನೇಕಾರರ ಹೆಂಡತಿ ಯಾರಿಗೆಂದು ಕೇಳಿದರೆ ನಾನು ಬೆಲೆ ಎಷ್ಟೆಂದು ಕೇಳಿದೆ. ಆ ಸೀಮೆಯ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಿರಲಿಲ್ಲ, ನಿಜ. ಆದರೆ ಆ ಒಂದು ಗಂಟೆ ಏಕೆ ಕೂತೆ ಎಂಬುದು ಗೊತ್ತಿತ್ತು.

ಗೌಡರ ಜಗಲಿಯ ಮೇಲೆ ಅಪ್ಪನ ಕೋವಿಯನ್ನು ಒರಗಿಸಿ, ತಟ್ಟೆಯನ್ನು ಅವರ ಮುಂದಿಟ್ಟೆ. ಅವರು ಎಂದಿನಂತೆ ಬೆರಳಾಡಿಸಿದರು. ಕಾಯಿ, ಹಣ್ಣು, ಎಲೆ. ಸೀರೆಗೆ ಬಂದ ಬೆರಳು ಅಲ್ಲೇ ನಿಂತಿತು. ಯಾರಿಗೆ ತಂದದ್ದೆಂದು ಕೇಳಿದರು. ಚಿಕ್ಕತಾಯಮ್ಮನವರಿಗೆ ಎಂದೆ. ಅವರು ಕಿರಿಯ ಮಗನನ್ನು ಕರೆದು ಊರಿನ ಇಬ್ಬರು ಹಿರಿಯರನ್ನು ಕರೆತರಲು ಹೇಳಿದರು. ಕೋವಿ ಬದಲಾಗುವುದಕ್ಕೆ ಸಾಕ್ಷಿಗಿರಬೇಕು, ಒಳ್ಳೆಯದೇ ಎಂದುಕೊಂಡೆ. ಬಂದವರು ಕಂಬಳಿ ಹಾಸಿ ಕೂತರು. ನನ್ನ ಹೆಂಡತಿ ಹೋಗಿ ಎಷ್ಟು ವರ್ಷವಾಯಿತು, ಮಕ್ಕಳುಂಟೇ, ತಾಯಿ ಯಾರ ಹತ್ತಿರ ಇದ್ದಾರೆ ಎಂದು ಕೇಳಿದರು. ಲೈಸೆನ್ಸಿನ ಸಲುವಾಗಿ ಪೊಲೀಸರೂ ಇವನ್ನೆಲ್ಲ ಕೇಳಿದ್ದರು. ಒಂದೊಂದಕ್ಕೂ ಸರಿಯಾಗಿ ಉತ್ತರಿಸಿದೆ. ಅಕ್ಕಪಕ್ಕದ ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು.

“ನಿಮ್ಮೋರೇ ಬ್ಯಾರೆ, ನಮ್ಮೋರೇ ಬ್ಯಾರೆ,” ಎಂದರು ಹಿರಿಯರಲ್ಲೊಬ್ಬರು. “ಆದ್ರೂ ಮುದ್ದೇಗೌಡ ಒಪ್ಕಂಡವ್ನೆ. ಒಳ್ಳೆ ಮನ್ಸ ಅಂತಾನೆ. ಎಣ್ಣು ಒಪ್ಪುದ್ರೆ ಉಟ್ಕಂಡು ಬರ್ಲಿ.”

ಆಗ ನನಗೆ ತಿಳಿಯಿತು. ಅಲ್ಲಿ ಗಂಡ ಸತ್ತ ಹೆಣ್ಣಿನ ಎರಡನೆಯ ಮದುವೆಗೆ ಓಲಗವಿಲ್ಲ, ಚಪ್ಪರವಿಲ್ಲ. ಗಂಡು ಎಲೆಅಡಿಕೆಯ ಜತೆ ಒಂದು ಸೀರೆಯನ್ನು ಮನೆಯ ಯಜಮಾನನ ಮುಂದೆ ಇಡುತ್ತಾನೆ, ಇಬ್ಬರು ಹಿರಿಯರು ಕೂರುತ್ತಾರೆ, ಹೆಣ್ಣು ಒಪ್ಪಿದರೆ ಆ ಸೀರೆ ಉಟ್ಟು ಹೊರಗೆ ಬರುತ್ತಾಳೆ. ಸೀರುಡಿಕೆ ಎನ್ನುತ್ತಾರೆ. ಗೌಡರ ಬೆಳ್ಳನೆಯ ಕಣ್ಣುಗಳು ನನ್ನ ಕಡೆಗೇ ಇದ್ದವು, ಮುಖದಲ್ಲಿ ಎಂದೂ ಕಾಣದ ನೆಮ್ಮದಿ ಇತ್ತು.

ಬಾಗಿಲಿನಿಂದ ಚಿಕ್ಕತಾಯಮ್ಮ ಹೊರಗೆ ಬಂದಳು. ಕೈಯಲ್ಲಿ ರೈಫಲಿತ್ತು. ಅದನ್ನು ಕಂಬಳಿಯ ಮೇಲೆ ಮಲಗಿಸಿ, ತಟ್ಟೆಯನ್ನು ನೋಡಿ, ಹಿರಿಯರನ್ನು ನೋಡಿ, ನನ್ನ ಮುಖವನ್ನು ನೋಡಿದಳು. ನಾನು ಏನೂ ತಿಳಿಯದೆ ತಂದವನೆಂದು ಆ ಒಂದು ನೋಟದಲ್ಲೇ ಅವಳಿಗೆ ಗೊತ್ತಾಗಿರಬೇಕು. ಗೊತ್ತಾದರೂ ಕೇಳಿದಳು.

“ಸಾ, ಈ ಸೀರೆ ಕೋವಿಗಾ, ನನಗಾ?”

ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಬೇಡುವುದೂ ಇರಲಿಲ್ಲ. ತಪ್ಪಿಸಿಕೊಳ್ಳಲು ನನಗೊಂದು ದಾರಿ ಬಿಟ್ಟು, ಇನ್ನೊಂದು ದಾರಿಯನ್ನೂ ತೆರೆದಿಟ್ಟಿದ್ದಳು. ಅಮ್ಮ ನೆನಪಾದರು. ತಂಗಿಯ ಮದುವೆಯ ಮಾತು ನಡೆಯುತ್ತಿದ್ದದ್ದು ನೆನಪಾಯಿತು. ಆಫೀಸಿನವರು ಏನೆನ್ನುತ್ತಾರೆ ಎಂಬುದು ಕೂಡ ನೆನಪಾಯಿತು, ಅವರ ಹೆಸರು ಈಗ ಒಂದೂ ನೆನಪಿಲ್ಲ. ಬಂಡೆಯ ಎದುರು ಮೊದಲ ದಿನ ಆದ ಹಾಗೆಯೇ ಆಯಿತು. ಗಾಬರಿಯಾಯಿತು, ಕಣ್ಣು ಮುಚ್ಚಿದೆ.

“ಕೋವಿಗೆ,” ಎಂದೆ.

ಅವಳು ಒಮ್ಮೆ ತಲೆಯಾಡಿಸಿದಳು. ಬಾಗಿ ಸೀರೆಯನ್ನು ಎತ್ತಿಕೊಂಡು, ಮಡಿಕೆ ಬಿಡಿಸಿ, ಕಂಬಳಿಯ ಮೇಲೆ ಮಲಗಿದ್ದ ರೈಫಲಿಗೆ ತುದಿಯಿಂದ ಬುಡದವರೆಗೆ ಸುತ್ತಿದಳು. ಅವಸರವಿಲ್ಲದೆ, ಮಗುವಿಗೆ ಬಟ್ಟೆ ಸುತ್ತುವ ಹಾಗೆ, ಸೆರಗನ್ನು ಕೊನೆಗೆ ಒಳಗೆ ಸಿಕ್ಕಿಸಿದಳು.

“ಅಂಗಾದ್ರೆ ಕೋವಿಗೇ ಉಡ್ಸಿವ್ನಿ. ತಕಂಡ್ ಓಗಿ ಸಾ,” ಎಂದು ನನ್ನ ಎರಡೂ ಕೈಗಳ ಮೇಲೆ ಇಟ್ಟಳು.

ಹಿರಿಯರು ಕಂಬಳಿ ಕೊಡವಿಕೊಂಡು ಎದ್ದರು. ಗೌಡರು ನನ್ನ ಅಪ್ಪನ ಕೋವಿಯನ್ನು ತಡವಿ ಹತ್ತಿರ ಎಳೆದುಕೊಂಡರು. ಆ ದಿನ ಊಟಕ್ಕೆ ಯಾರೂ ಕರೆಯಲಿಲ್ಲ. ಬಸ್ಸಿನಲ್ಲಿ ಪಕ್ಕದವನು ಹಸಿರು ಗಂಟನ್ನು ನೋಡಿ, ಮನೆಯವರಿಗೆ ಒಳ್ಳೆ ಸೀರೆ ಎಂದ.

ಏಪ್ರಿಲಿನಲ್ಲಿ ನನ್ನನ್ನು ಯಳಂದೂರಿಗೆ ಹಾಕಿದರು, ನಾನೇ ಕೇಳಿಕೊಂಡಿದ್ದೆ. ಅಲ್ಲಿಯೂ ಊರ ಹೊರಗೆ ಒಂದು ಬಂಡೆ ಹುಡುಕಿದೆ. ಸುಣ್ಣದ ಬೊಟ್ಟು ಇಟ್ಟೆ. ರೈಫಲು ಅಪ್ಪ ಹೇಳಿದ್ದಕ್ಕಿಂತ ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಇಟ್ಟ ಕಡೆ ಹೋಗುತ್ತಿತ್ತು. ಹೊಗೆ ಚದುರಿದ ಮೇಲೆ ಆ ತುದಿಯಲ್ಲಿ ಕೈ ಎತ್ತುವವರು ಇರುತ್ತಿರಲಿಲ್ಲ. ನಾನೇ ನೂರೈವತ್ತು ಹೆಜ್ಜೆ ನಡೆದುಹೋಗಿ, ತಾಗಿದ್ದನ್ನು ನೋಡಿ, ನೂರೈವತ್ತು ಹೆಜ್ಜೆ ವಾಪಸು ಬರುತ್ತಿದ್ದೆ. ನಾಲ್ಕು ಹೊಡೆತಕ್ಕೆ ಸಾಕೆನಿಸುತ್ತಿತ್ತು. ರಾತ್ರಿ ಮತ್ತೆ ಸೀರೆಯಲ್ಲೇ ಸುತ್ತಿಡುತ್ತಿದ್ದೆ.

ಎರಡು ವರ್ಷದ ಮೇಲೆ ಹನೂರಿನ ಸಂತೆಯಲ್ಲಿ ಅವಳು ಸಿಕ್ಕಳು. ಮೆಣಸಿನಕಾಯಿ ರಾಶಿಯ ಈಚೆಗೆ ನಾನು, ಆಚೆಗೆ ಅವಳು. ಗೌಡರು ಹೋದ ವರ್ಷ ತೀರಿಕೊಂಡರೆಂದಳು. ನನ್ನಪ್ಪನ ಕೋವಿ ಚೆನ್ನಾಗಿ ನಡೆಯುತ್ತದೆ, ಆದರೆ ಸಣ್ಣ ಗುಂಡುಗಳು ಹರಡುವುದರಿಂದ ಅದರಲ್ಲಿ ಗುರಿ ನೋಡುವ ಕಷ್ಟವೇ ಇಲ್ಲ ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮೆಣಸಿನಕಾಯಿ ಆರಿಸಿದೆವು.

“ಅದನ್ನ ಇನ್ನೂವೆ ಸೀರೇಲೇ ಸುತ್ತಿದ್ದೀರಾ?” ಎಂದು ಕೇಳಿದಳು.

ಹೌದೆಂದೆ.

“ಬ್ಯಾಡಿ ಸಾ. ರೇಶ್ಮೆ ಎಣ್ಣೆನೆಲ್ಲ ಈರ್ಕಂಡ್ಬುಡ್ತದ, ಕಬ್ಬಿಣ ತುಕ್ಕಿಡೀತದ. ರೇಶ್ಮೆ ಸಾಗೇ ನಾನು ಏಳ್ಬೇಕಾ? ಬಿಚ್ಚಿಡಿ,” ಎಂದು ತುಸು ನಕ್ಕು, ಚೀಲ ಎತ್ತಿಕೊಂಡು ಜನರಲ್ಲಿ ಸೇರಿಹೋದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಆ ದಿನವೇ ಬಿಚ್ಚಿದೆ. ಸೀರೆಯನ್ನು ಮಡಿಸಿ ಟ್ರಂಕಿನ ಅಡಿಗೆ ಹಾಕಿದೆ. ಎಪ್ಪತ್ತರ ದಶಕದಲ್ಲಿ ಮದ್ದು, ಕೇಪು ಸಿಗುವುದು ಕಷ್ಟವಾಗಿ, ನನ್ನ ಕಣ್ಣೂ ಮೊದಲಿನಂತಿಲ್ಲದೆ, ರೈಫಲನ್ನು ಇಪ್ಪತ್ತನಾಲ್ಕು ತೋಟಾಗಳ ಸಮೇತ ಲೈಸೆನ್ಸಿದ್ದ ವ್ಯಾಪಾರಿಯೊಬ್ಬರಿಗೆ ಒಪ್ಪಿಸಿದೆ. ಕೊಡುವಾಗ ಅಂಥ ನೋವೇನೂ ಆಗಲಿಲ್ಲ. ಸೀರೆಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ತಂಗಿಯ ಮದುವೆ ಚೆನ್ನಾಗಿಯೇ ಆಯಿತು, ಅಮ್ಮ ಹೋದರು, ನಾನು ಇನ್ನೊಂದು ಮದುವೆಯ ಮಾತು ಎತ್ತಲಿಲ್ಲ.

ಹಿತ್ತಲಲ್ಲಿ ಬಿಸಿಲು ಹಗ್ಗದವರೆಗೆ ಬಂದಿತ್ತು. ಎಣ್ಣೆಯ ಕಲೆಗಳು ಉದ್ದಕ್ಕೂ ರೈಫಲಿನ ಆಕಾರದಲ್ಲಿ ಕಾಣುತ್ತಿದ್ದವು. ನಡುವೆ ಹಸಿರು ಇನ್ನೂ ಹಾಗೆಯೇ ಇತ್ತು. ಒಳಗೆ ಸುಧಾ ಕುಕ್ಕರು ಇಟ್ಟು ಪಾತ್ರೆ ತೊಳೆಯುತ್ತಿದ್ದಳು. ನಾನು ಕುರ್ಚಿ ಬಿಟ್ಟು ಎದ್ದು, ಹಗ್ಗದ ಹತ್ತಿರ ಹೋಗಿ ನಿಂತೆ. ಅಂಚನ್ನು ಕೈಯಲ್ಲಿ ಹಿಡಿದುಕೊಂಡೆ.

“ನಿಮಗೇ,” ಎಂದೆ. “ನಿಮಗೇ ತಂದದ್ದು.”

ಸುಧಾ ಒಳಗಿನಿಂದ, ಏನು ಮಾವ, ಕರೆದೆಯಾ ಎಂದಳು. ಇಲ್ಲ, ಏನಿಲ್ಲ ಎಂದೆ.